ಮೂರನೆಯ ಕೈ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮುಚ್ಚಿಡುವುದಿಲ್ಲ. ವಿಚಾರಣಾ ಸಮಿತಿಯವರು ನನ್ನ ಹೇಳಿಕೆಯನ್ನು ಅರ್ಧ ಪುಟಕ್ಕೆ ಇಳಿಸಿ, ಕೆಳಗೆ ಸಹಿ ಹಾಕಿಸಿಕೊಂಡು, ಚಹಾ ಕುಡಿಸಿ ಕಳಿಸಿದರು. ಆ ಅರ್ಧ ಪುಟದಲ್ಲಿ ದಾನವ್ವ ಉಂಕಿ ಎಂಬ ಹೆಣ್ಣುಮಗಳು ಎಲ್ಲೂ ಇಲ್ಲ. ‘ರೋಗಿ ೪೧೧೭’ ಇದ್ದಾಳೆ. ಹೀಗಾಗಿ ಉಳಿದದ್ದನ್ನು ನಾನೇ ಹೇಳಬೇಕಾಗಿದೆ.

ನನ್ನ ಹೆಸರು ಶಕುಂತಲಾ ಹೂಗಾರ. ಬಾಗಲಕೋಟೆಯ ‘ತಿಳಿನೆತ್ತರು’ ಕೇಂದ್ರದಲ್ಲಿ ನಿಗಾ ಕೆಲಸ. ಎದುರಿಗೆ ಆರು ಪರದೆ, ಅವುಗಳ ಮೇಲೆ ನಾಲ್ಕು ತಾಲೂಕಿನ ಒಂಬೈನೂರು ಜನರ ರಕ್ತದ ಸಂಖ್ಯೆ. ಎಲ್ಲರೂ ಎದೆಯೊಳಗೆ ಲೋಹದ ಕವಾಟ ಹಾಕಿಸಿಕೊಂಡವರು. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವು, ಜ್ವರ ಎಂದು ಬಂದದ್ದನ್ನು ಮನೆಯಲ್ಲಿ ಯಾರೂ ಗಣಿಸಲಿಲ್ಲ. ಅದು ಒಳಗೊಳಗೇ ಹೃದಯದ ಕವಾಟವನ್ನು ತಿಂದು ಹಾಕಿತು.

ಲೋಹದ ಕವಾಟ ಹತ್ತಾರು ವರ್ಷ ಬಾಳುತ್ತದೆ, ಆದರೆ ರಕ್ತಕ್ಕೆ ಲೋಹ ಕಂಡರೆ ಆಗುವುದಿಲ್ಲ. ಅದರ ಮೇಲೆ ಹೆಪ್ಪುಗಟ್ಟುತ್ತದೆ. ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ, ಕವಾಟಕ್ಕೇ ಸಿಕ್ಕಿಕೊಂಡರೆ ಸಾವು. ಅದಕ್ಕೆ ವಾರ್ಫರಿನ್ ಎಂಬ ಗುಳಿಗೆ, ಜೀವ ಇರುವವರೆಗೂ. ಹೊಸ ಗುಳಿಗೆಗಳು ಎಷ್ಟೋ ಬಂದವು. ಲೋಹದ ಕವಾಟದವರಿಗೆ ಮಾತ್ರ ಇಂದಿಗೂ ಈ ಹಳೆಯದೇ ಗತಿ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದನ್ನು ಐಎನ್‌ಆರ್ ಎಂಬ ಸಂಖ್ಯೆ ಹೇಳುತ್ತದೆ. ನನ್ನದು, ನಿಮ್ಮದು ಸುಮಾರು ಒಂದು. ದಾನವ್ವನದು ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಇಳಿದರೆ ಹೆಪ್ಪು. ಐದು ದಾಟಿ ಏರಿದರೆ ಎಲ್ಲಿಂದ ಬೇಕಾದರೂ ರಕ್ತ ಸೋರಬಹುದು. ಬಾವಿಯ ದಂಡೆಯ ಮೇಲೆ ನಡೆದಂತೆ ಬದುಕು, ಒಳಗೂ ಬೀಳಬಾರದು, ಹೊರಗೂ ಬೀಳಬಾರದು.

ನಾಲ್ಕು ವರ್ಷದ ಹಿಂದೆ, ೨೦೪೮ರಲ್ಲಿ, ಈ ಜನರ ಮನೆಯ ಗೋಡೆಗೆ ಒಂದು ಪೆಟ್ಟಿಗೆ ಬಂತು. ಜನ ಅದನ್ನು ‘ಗ್ವಾಡಿ ಡಾಕ್ಟರ’ ಎಂದು ಕರೆದರು. ಬೆಳಿಗ್ಗೆ ಎಂಟಕ್ಕೆ ಅದು ಹೆಸರು ಹಿಡಿದು ಕೂಗುತ್ತದೆ. ಎದುರು ನಿಂತರೆ ಮುಖ ಗುರುತು ಹಿಡಿಯುತ್ತದೆ. ಕೆಳಗಿನ ತೂತಿನಲ್ಲಿ ಬೆರಳಿಟ್ಟರೆ ಇರುವೆ ಕಚ್ಚಿದಷ್ಟು ಚುಚ್ಚಿ ಒಂದು ಹನಿ ತೆಗೆದುಕೊಂಡು, ಐಎನ್‌ಆರ್ ಅಳೆದು, ಆ ದಿನಕ್ಕೆ ಎಷ್ಟು ಬೇಕೋ ಅಷ್ಟು ಗುಳಿಗೆಯನ್ನು ಬಟ್ಟಲಿಗೆ ಬೀಳಿಸುತ್ತದೆ. ನುಂಗಿ, ಬಾಯಿ ತೆರೆದು ತೋರಿಸಬೇಕು. ಹನಿ ಕೊಡದಿದ್ದರೆ ಗುಳಿಗೆ ಇಲ್ಲ. ಮೂರು ದಿನ ತಪ್ಪಿಸಿದರೆ ಯೋಜನೆಯಿಂದ ಹೆಸರೇ ತೆಗೆಯುತ್ತಾರೆ.

ಸುಳ್ಳೇಕೆ ಹೇಳಲಿ, ಮೊದಲು ನನಗೂ ಅದು ದೇವರಂತೆ ಕಂಡಿತ್ತು. ಗುಳಿಗೆ ಮರೆತು ಲಕ್ವ ಹೊಡೆಸಿಕೊಳ್ಳುವವರು ಅರ್ಧಕ್ಕರ್ಧ ಕಡಿಮೆಯಾದರು. ಪೆಟ್ಟಿಗೆ ಬಂದ ಮೇಲೆ ನಾನು ಊರೂರು ತಿರುಗಿ ರಕ್ತ ತೆಗೆಯುವುದು ತಪ್ಪಿತು. ಅದರ ಜೊತೆಗೇ ಮೌನ ನಿಯಮ ಬಂತು. ನಿಗಾದವರು ರೋಗಿಗೆ ಫೋನ್ ಮಾಡುವಂತಿಲ್ಲ, ಏನನ್ನೂ ಕೇಳುವಂತಿಲ್ಲ. ‘ರೋಗಿ ಸುಳ್ಳು ಹೇಳಬಹುದು, ರಕ್ತ ಹೇಳುವುದಿಲ್ಲ’ ಎಂದು ನಮ್ಮ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ. ಬರೆಸಿದವರು ಯಾರೂ ಒಂದು ದಿನವೂ ಯಾರದೂ ರಕ್ತ ತೆಗೆದವರಲ್ಲ.

ದಾನವ್ವ ಗುಳೇದಗುಡ್ಡದವಳು, ಐವತ್ತೆರಡು ವರ್ಷ, ಕುಬಸದ ಖಣ ನೇಯುವ ಮನೆತನ. ಅವಳ ಸಂಖ್ಯೆ ಎರಡು ವರ್ಷದಿಂದ ೨.೯ರ ಆಸುಪಾಸು ಬಿಟ್ಟು ಅಲುಗಿರಲಿಲ್ಲ. ಕಳೆದ ಮಾಘದ ಒಂದು ಗುರುವಾರ ಬೆಳಿಗ್ಗೆ ನೋಡುತ್ತೇನೆ, ಬುಧವಾರ ೧.೧, ಗುರುವಾರ ೧.೦. ಪೆಟ್ಟಿಗೆ ಐದು ಮಿಲಿಗ್ರಾಂ ಇದ್ದ ಗುಳಿಗೆಯನ್ನು ಏಳೂವರೆಗೆ, ಮರುದಿನ ಹತ್ತಕ್ಕೆ ಏರಿಸಿತ್ತು. ಮೇಲಾಗಿ ಅವಳಿಗೆ ‘ಸೊಪ್ಪು ತಿನ್ನಬೇಡಿ’ ಎಂದು ಆಜ್ಞೆ ಬೇರೆ. ಅಲ್ಲಿಯವರು ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ ಇಲ್ಲದೆ ಉಣ್ಣುವವರಲ್ಲ. ‘ಬಿಡಬೇಡಿ, ತಿನ್ನಿ, ಆದರೆ ದಿನಾ ಅಷ್ಟಷ್ಟೇ ತಿನ್ನಿ, ಗುಳಿಗೆ ಅದಕ್ಕೆ ಹೊಂದಿಕೊಳ್ಳುತ್ತದೆ’ ಎಂದು ನಾನು ವರ್ಷಗಟ್ಟಲೆ ಹೇಳಿ ಬಂದಿದ್ದೆ.

ನಮ್ಮ ಮೇಲ್ವಿಚಾರಕರು ವಾದಿರಾಜ ದೇಸಾಯಿ. ಅವರ ಮೇಜಿಗೆ ಹೋಗಿ ನಿಂತೆ.

“ಸರ್, ಇದು ಆಕಿ ರಕ್ತ ಅಲ್ಲ.”

“ಮುಖ ಆಕೀದ ಅದ. ರಕ್ತ ಯಾರದಿರ್ತದ?”

“ಮಂಗಳವಾರ ೨.೯, ಬುಧವಾರ ೧.೧. ಗುಳಿಗಿ ಪೂರಾ ಬಿಟ್ರೂ ಅಷ್ಟು ಇಳೀಲಿಕ್ಕೆ ನಾಕೈದು ದಿನ ಬೇಕ್ರಿ. ಆಕಿ ದಿನಾ ನುಂಗಿದ್ದು ಕ್ಯಾಮೆರಾದಾಗ ಐತಿ.”

“ಸೊಪ್ಪು ತಿಂದಿರಬೇಕು.”

“ಗುಡ್ಡದಷ್ಟು ಮೆಂತ್ಯ ತಿಂದ್ರೂ ಒಂದ ರಾತ್ರ್ಯಾಗ ಹಂಗ ಆಗೂದುಲ್ರಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಅನಾಹುತ ಇಲ್ಲೇ ಇದೆ. ನಮ್ಮ ಯಕೃತ್ತು ಕೆ ಜೀವಸತ್ವವನ್ನು ಬಳಸಿ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ. ವಾರ್ಫರಿನ್ ಆ ತಯಾರಿಕೆಗೆ ಅಡ್ಡ ಬರುತ್ತದೆ, ಅಷ್ಟೇ. ಈಗಾಗಲೇ ತಯಾರಾಗಿ ರಕ್ತದಲ್ಲಿ ತಿರುಗುತ್ತಿರುವುದನ್ನು ಅದು ಮುಟ್ಟುವುದಿಲ್ಲ. ಹೊಸ ನೂಲು ಬರುವುದು ಇವತ್ತೇ ನಿಂತರೂ ಮಗ್ಗಕ್ಕೆ ಏರಿಸಿದ ಹಾಸು ಮುಗಿಯುವವರೆಗೆ ನೇಯ್ಗೆ ನಡೆಯುತ್ತದಲ್ಲ, ಹಾಗೆ. ಇವತ್ತಿನ ಗುಳಿಗೆಯ ಫಲ ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಅಂದರೆ ಬುಧವಾರ, ಗುರುವಾರ ದಾನವ್ವ ನುಂಗಿದ ಹೆಚ್ಚುವರಿ ಗುಳಿಗೆ ಶನಿವಾರ, ಭಾನುವಾರ ಅವಳ ಮೈಯಲ್ಲಿ ಕೆಲಸ ತೋರಿಸಲಿತ್ತು. ಆಗ ನಿಲ್ಲಿಸಿದರೂ ಕೂಡಲೇ ನಿಲ್ಲುವಂಥದ್ದಲ್ಲ.

ದೇಸಾಯಿಯವರು ಕನ್ನಡಕ ತೆಗೆದರು. “ಶಕುಂತಲಾಬಾಯಿ, ಲೋಹದ ಕವಾಟದ ಮ್ಯಾಲೆ ಒಂದು-ಬಿಂದು-ಒಂದು. ನೀವು ಗುಳಿಗಿ ತಡೀರಿ ಅಂತೀರಿ. ನಾಳೆ ಹೆಪ್ಪು ಕಟ್ಟಿ ಆಕಿ ಹೋದ್ರ ಸಹಿ ಯಾರದು? ನಂದು. ಯಂತ್ರ ಏರಿಸಿ ಏನರೆ ಆದ್ರ ಅದು ಯಂತ್ರದ್ದು.”

ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ನನ್ನ ಊಹೆ ತಪ್ಪಾಗಿದ್ದರೆ ಗುಳಿಗೆ ತಡೆದು ನಾನೇ ಅವಳನ್ನು ಕೊಂದಂತಾಗುತ್ತಿತ್ತು. ಆದರೆ ತಪ್ಪೋ ಸರಿಯೋ ತಿಳಿಯಲು ಒಂದು ಫೋನ್ ಸಾಕಿತ್ತು. ಅದನ್ನೇ ಮಾಡುವಂತಿಲ್ಲ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಪೆಟ್ಟಿಗೆ ಕಟ್ಟುತ್ತಲೇ ಹೋಯಿತು. ಶುಕ್ರವಾರ ೧.೧, ಗುಳಿಗೆ ಮತ್ತೆ ಹತ್ತು. ಶನಿವಾರ ೧.೦, ಗುಳಿಗೆ ಹನ್ನೆರಡೂವರೆ.

ಶನಿವಾರ ನಾನು ಅವಳ ಮನೆಯ ಆ ದಿನದ ವಿಡಿಯೊ ತೆಗೆಸಿ ನೋಡಿದೆ. ಪೆಟ್ಟಿಗೆಯ ಕ್ಯಾಮೆರಾಕ್ಕೆ ಮುಖ, ಭುಜ ಕಾಣುತ್ತದೆ. ಕೆಳಗಿನ ತೂತು ಕಾಣುವುದಿಲ್ಲ. ದಾನವ್ವ ಅರಿಶಿಣ ಹಚ್ಚಿದ ಮುಖದಲ್ಲಿ, ಹೊಸ ಸೀರೆಯಲ್ಲಿ, ಸೆರಗನ್ನು ಅಗಲವಾಗಿ ಇಳಿಬಿಟ್ಟುಕೊಂಡು ಬಂದು ನಿಂತಳು. ಹಿಂದೆ ಯಾರೋ ಹಾಡುತ್ತಿದ್ದರು. ‘ಬೆರಳು ಇಡಿ’ ಎಂದಿತು ಪೆಟ್ಟಿಗೆ. ಅವಳು ಇನ್ನೂ ಹತ್ತಿರ ಸರಿದಳು. ‘ಚುಚ್ಚುತ್ತಿದ್ದೇನೆ’ ಎಂದಿತು. ಅದೇ ಹೊತ್ತಿಗೆ ಮುಡಿಯ ಹೂ ಜಾರಿತು. ದಾನವ್ವ ಎರಡೂ ಕೈ ಮೇಲೆತ್ತಿ ಹೂವನ್ನು ಸರಿಮಾಡಿಕೊಂಡಳು. ಎಡ ಮಣಿಕಟ್ಟಿನಲ್ಲಿ ಅರಿಶಿಣ ಕೊಂಬಿನ ಕಂಕಣ ಚೆನ್ನಾಗಿ ಕಾಣುತ್ತಿತ್ತು. ಪೆಟ್ಟಿಗೆ ಹೇಳಿತು, ‘ಹನಿ ಸಿಕ್ಕಿತು. ಧನ್ಯವಾದ.’

ಎರಡು ಕೈ ಮುಡಿಯಲ್ಲಿ. ತೂತಿನಲ್ಲಿದ್ದ ಮೂರನೆಯ ಕೈ ಯಾರದು?

ದೇಸಾಯಿಯವರಿಗೆ ಮೂರು ಸಲ ತಿರುಗಿಸಿ ತೋರಿಸಿದೆ. “ಬೆರಳ ತಗದ ಮ್ಯಾಲೆ ಕೈ ಎತ್ತಿರಬೇಕು” ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು; ದಾನವ್ವನಿಗೆ ಮೂರು ಕೈ ಇದ್ದರೂ ಅವರಿಗೇನೂ ಅಡ್ಡಿಯಿರಲಿಲ್ಲ. ಕೊನೆಗೆ ತಾಂತ್ರಿಕ ಸಮಿತಿಗೆ ಒಂದು ನಮೂನೆ ತುಂಬಲು ಒಪ್ಪಿದರು. ಉತ್ತರಕ್ಕೆ ಏಳು ಕೆಲಸದ ದಿನ. ಅಂದು ಎರಡನೇ ಶನಿವಾರ, ಸಮಿತಿಗೆ ರಜೆ.

ಮಹಡಿಗೆ ಹೋಗಿ ನನ್ನ ಸ್ವಂತ ಫೋನಿನಿಂದ ಕರೆ ಮಾಡಿದೆ. ಎತ್ತಿದವಳು ಈರವ್ವ, ದಾನವ್ವನ ನೆಗೆಣ್ಣಿ, ಮೈದುನನ ಹೆಂಡತಿ. ಒಂದೇ ಮನೆ, ಎದುರು ಬದುರು ಮಗ್ಗ. ರಕ್ತ ತೆಗೆಯಲು ಹೋಗುತ್ತಿದ್ದ ಕಾಲದಿಂದ ಇಬ್ಬರನ್ನೂ ಬಲ್ಲೆ; ಅವರಿಗೆ ನಾನು ಅಂದಿನಿಂದಲೂ ‘ಬಾಯಾರು’, ಅಂದರೆ ಬಾಯಿಯವರು.

“ಅಯ್ಯ, ರಕ್ತದ ಬಾಯಾರ! ನಾಳಿ ನಮ್ಮ ಸುವರ್ಣಾನ ಲಗ್ನ ರೀ. ಅಕ್ಕನ ಮಗಳು ಅಂದ್ರೇನು, ನನ್ನ ಮಗಳಂದ್ರೇನು. ಅಕ್ಕಿಕಾಳಿಗೆ ತಪ್ಪಸಬ್ಯಾಡ್ರಿ.”

“ಬರ್ತೀನಿ. ಈರವ್ವ, ಗ್ವಾಡಿ ಡಾಕ್ಟರಗ ಬೆರಳ ಯಾರು ಕೊಡಾಕತ್ತೀರಿ?”

ಬಾಜಾದ ಸದ್ದಿನ ನಡುವೆ ಈರವ್ವನ ದನಿ ತಗ್ಗಿತು.

“ಅಕ್ಕಾನ ಕೊಡ್ತಾಳ್ರಿ. ಮತ್ತ್ಯಾರು?”

“ಖರೇ ಹೇಳವಾ. ಆಕಿ ಜೀವದ ಪ್ರಶ್ನೆ ಐತಿ.”

“ಶುಭಕಾರ್ಯದ ಮನ್ಯಾಗ ನೆತ್ತರ ಮಾತು ಬ್ಯಾಡ್ರಿ ಬಾಯಾರ” ಎಂದು ಇಟ್ಟೇಬಿಟ್ಟಳು. ಗುಳಿಗೆ ನುಂಗಿಸಬೇಡಿ ಎಂದು ಹೇಳುವುದು ನನ್ನ ಬಾಯಲ್ಲೇ ಉಳಿಯಿತು. ಮತ್ತೆ ನಾಲ್ಕು ಸಲ ಮಾಡಿದೆ, ಯಾರೂ ಎತ್ತಲಿಲ್ಲ.

ಆಗಲೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಪಾಳಿ ಬಿಟ್ಟು ಹೋದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ. ಎಲ್ಲರ ಮೇಲೂ ಸಿಟ್ಟು ಮಾಡುವ ನಾನು ಇದನ್ನೂ ಬರೆಯಬೇಕು.

ಭಾನುವಾರ ಹನ್ನೊಂದೂವರೆಗೆ ಗುಳೇದಗುಡ್ಡ ಮುಟ್ಟಿದೆ. ಚೀಲದಲ್ಲಿ ನನ್ನ ಹಳೆಯ ಕೈ ಯಂತ್ರವಿತ್ತು, ಹನಿ ಹಾಕಿದರೆ ಸಂಖ್ಯೆ ತೋರಿಸುವಂಥದ್ದು. ಓಣಿಗೆ ಅಡ್ಡಲಾಗಿ ಹಂದರ ಹಾಕಿದ್ದರು. ದಾನವ್ವ ಬಾಗಿಲಲ್ಲೇ ಸಿಕ್ಕಳು, ನಗುತ್ತಿದ್ದಳು. ತುಟಿ ಕೆಂಪಗಿತ್ತು.

“ಎಲಿ ಹಾಕ್ಕೊಂಡೀಯೇನು?”

“ಇಲ್ರಿ ಬಾಯಾರ. ಮುಂಜಾನಿಂದ ಹಲ್ಲಿನ ಸಂದ್ಯಾಗಿಂದ ಬರಾಕತ್ತೈತಿ. ಮಂದಿ ಎಲಿ ಅಂತ ತಿಳದಾರ, ಚಲೋನ ಆತು.”

ಅವಳ ಹಸಿರು ಬಳೆಗಳನ್ನು ಹಿಂದೆ ಸರಿಸಿದೆ. ಬಳೆ ತಾಗಿದಲ್ಲೆಲ್ಲ ನೇರಳೆ ಬಣ್ಣದ ಕಲೆ.

“ತಲಿ ನೋವು ಐತೇನು?”

“ಸಿಡ್ಯಾಕತ್ತೈತಿ. ಈರವ್ವ ಅಂಗಡ್ಯಾಗಿನ ನೋವಿನ ಗುಳಿಗಿ ತಂದು ಕೊಟ್ಟಾಳ. ಎರಡು ನುಂಗೇನಿ.”

ವಾರ್ಫರಿನ್ ನುಂಗುವವರು ಕೇಳದೆ ಮುಟ್ಟಬಾರದ್ದು ಯಾವುದಾದರೂ ಇದ್ದರೆ ಅದೇ ಅಂಗಡಿಯ ನೋವಿನ ಗುಳಿಗೆ. ವಾರ್ಫರಿನ್ ತಡೆಯುವುದು ಹೆಪ್ಪಿನ ಒಂದು ದಾರಿಯನ್ನು. ಇದು ಇನ್ನೊಂದು ದಾರಿಯನ್ನೂ ಮುಚ್ಚುತ್ತದೆ. ಬೆಳಿಗ್ಗೆ ಎಂಟಕ್ಕೆ ಗೋಡೆಯಿಂದ ಹನ್ನೆರಡೂವರೆ ಮಿಲಿಗ್ರಾಂ ನುಂಗಿಯೂ ಆಗಿತ್ತು. ಲಗ್ನದ ಗಡಿಬಿಡಿಯಲ್ಲಿ ಮೂರು ದಿನದಿಂದ ನೆಟ್ಟಗೆ ಊಟವಿಲ್ಲ, ಯಂತ್ರ ಬೇಡ ಎಂದದ್ದಕ್ಕೆ ಸೊಪ್ಪೂ ಇಲ್ಲ.

ಈರವ್ವನನ್ನು ಮೂಲೆಗೆ ಕರೆದೆ. ಈ ಸಲ ಅವಳು ಮುಚ್ಚಿಡಲಿಲ್ಲ.

“ಕಂಕಣ ಕಟ್ಟಿದ ಮ್ಯಾಲೆ ಅದು ಬಿಚ್ಚೂತನಾ ಮೈಯಿಂದ ನೆತ್ತರ ಬೀಳಬಾರದ್ರಿ. ನಮ್ಮ ಮನಿತನದಾಗ ಉಗುರ ಸೈತ ತಗಿಯೂದುಲ್ಲ. ಕೊಡದಿದ್ರ ಹೆಸರ ತಗೀತೈತಿ ಅದು. ಅದಕ್ಕ ನಾ ಅಕ್ಕನ ಸೆರಗಿನ್ಯಾಗ ಕುಂತು ನನ್ನ ಬೆರಳ ಕೊಟ್ಟೆ. ಮೋಸ ಅಲ್ರಿ ಬಾಯಾರ. ನನಗ ಒಂದ ಜಡ್ಡಿಲ್ಲ, ರಕ್ತ ಚಲೋ ಐತಿ. ಚಲೋ ರಕ್ತ ಕೊಟ್ರ ಆಕೀನ ಪಾಸ್ ಮಾಡತೈತಿ ಅಂತ ತಿಳದೆ.”

ಇವಳ ಆರೋಗ್ಯದ ರಕ್ತವನ್ನು ಆ ಪೆಟ್ಟಿಗೆ ಸಾಯುತ್ತಿರುವವಳ ರಕ್ತ ಎಂದು ಓದಿತು ಎಂದು ಹೇಗೆ ಹೇಳಲಿ? ಆದರೂ ಹೇಳಿದೆ. “ನಿನ್ನ ಒಂದು ಅಂದ್ರ ಆಕಿಗೆ ಬಾಳ ಕಮ್ಮಿ ಅಂತ ಅದಕ್ಕ ಅನಸ್ತು. ದಿನಾ ಹೆಚ್ಚಿಗಿ ಕೊಡಕೋತ ಬಂದೈತಿ. ಈಗ ಆಕಿ ಮೈಯ್ಯಾಗ ರಕ್ತ ನಿಲ್ಲೂದುಲ್ಲ.”

ಕಂಕಣದ ಕೈಗೆ ಅಲ್ಲಿ ಚುಚ್ಚಗೊಡುವವರಿರಲಿಲ್ಲ; ಯಂತ್ರವನ್ನು ಚೀಲದಲ್ಲೇ ಬಿಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿ ಬಂದು ದಾನವ್ವನ ಕೈ ಹಿಡಿದೆ. “ನಡಿ, ಈಗಿಂದೀಗ ದವಾಖಾನಿಗೆ.”

“ಅಕ್ಕಿಕಾಳ ಬೀಳ್ಲಿ ಬಾಯಾರ. ಒಂದ ತಾಸು. ಹಡದಾಕಿ ಹಂದರ ಬಿಟ್ಟು ಹ್ವಾದ್ರ ಹುಡುಗಿ ಜನ್ಮಪೂರ್ತಿ ಅಳ್ತಾಳ.”

“ಸತ್ರ ಅಳೂದುಲ್ಲೇನು?”

“ಗಟ್ಟಿ ಅದೀನ್ರಿ ನಾ. ಒಂದ ತಾಸು.”

ಬೀಗರು ನೋಡುತ್ತಿದ್ದರು. ನಾಲ್ಕು ಜನ ಹಿರಿಯರು ಬಂದು ‘ಏನ್ರಿ ಅದು, ಆಮ್ಯಾಲೆ ನೋಡಿದ್ರ ಆಗೂದುಲ್ಲೇನು’ ಎಂದರು. ನಾನು ಒಪ್ಪಿಕೊಂಡೆ. ಆಂಬುಲೆನ್ಸ್ ಬರಲು ಹೇಗೂ ಅರ್ಧ ತಾಸು ಬೇಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಇಪ್ಪತ್ತು ನಿಮಿಷಕ್ಕೇ ಬಂದು ಓಣಿಯ ತುದಿಯಲ್ಲಿ ನಿಂತಿತು. ಆಗಲೂ ಎಳೆದುಕೊಂಡು ಹೋಗಲಿಲ್ಲ. ಆ ತಾಸನ್ನು ನಾನು ಕೊಡಬಾರದಿತ್ತು.

ಹನ್ನೆರಡೂವರೆಗೆ ಅಂತರಪಟ ಹಿಡಿದರು. ದಾನವ್ವ ಎಡ ಅಂಗೈಯಲ್ಲಿ ಅಕ್ಕಿಕಾಳು ತುಂಬಿಕೊಂಡು, ಬಲಗೈಯಿಂದ ಚಿಟಿಕೆ ಚಿಟಿಕೆಯಾಗಿ ತೆಗೆದು ಮಗಳ ಮೇಲೆ ಹಾಕುತ್ತಿದ್ದಳು. ಮೂರನೆಯ ಸಲಕ್ಕೆ ಅವಳ ಎಡಗೈ ತೆರೆದುಕೊಂಡಿತು. ಅಕ್ಕಿ ಪೂರ್ತಿ ಕಾಲಬಳಿ ಸುರಿಯಿತು. ಅವಳು ಆ ಕೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದಳು. ಅಂತರಪಟ ಸರಿದು ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ನಾನು ಅವಳನ್ನು ಹಿಡಿದುಕೊಂಡಿದ್ದೆ.

ಆಂಬುಲೆನ್ಸಿನಲ್ಲಿ ಚುಚ್ಚಿದೆ. ೯.೪.

ದವಾಖಾನೆಯಲ್ಲಿ ತಲೆಯ ಚಿತ್ರ ತೆಗೆದರು. ಮಿದುಳಿನ ಬಲಭಾಗದಲ್ಲಿ ಅಡಿಕೆಯಷ್ಟು ರಕ್ತ. ವೈದ್ಯೆ ನನ್ನ ಮಗಳ ವಯಸ್ಸಿನವಳು. ಕೆ ಜೀವಸತ್ವ ಮತ್ತು ಪ್ಲಾಸ್ಮಾ ಕೊಟ್ಟು ರಕ್ತ ನಿಲ್ಲಿಸಲೇಬೇಕು. ನಿಲ್ಲಿಸಿದರೆ ಕವಾಟದ ಮೇಲೆ ಹೆಪ್ಪುಗಟ್ಟಬಹುದು. ಕೊಟ್ಟಳು. ಹತ್ತು ದಿನ ವಾರ್ಫರಿನ್ ಇಲ್ಲದೆ, ತಾಸಿಗೊಮ್ಮೆ ಎದೆಗೆ ಕಿವಿಗೊಟ್ಟು ಕಾದರು. ಲೋಹದ ಕವಾಟ ಟಿಕ್ ಟಿಕ್ ಎಂದು ಸ್ಪಷ್ಟವಾಗಿ ಕೇಳಿದರೆ ಸರಿ, ಸದ್ದು ಮಂದವಾದರೆ ಹೆಪ್ಪು. ಮಂದವಾಗಲಿಲ್ಲ. ದಾನವ್ವ ಉಳಿದಳು. ಎಡಗೈ ಅಲ್ಪಸ್ವಲ್ಪ ಅಲುಗುತ್ತದೆ, ಆದರೆ ಅದಕ್ಕೆ ಸ್ಪರ್ಶವಿಲ್ಲ. ಬೆರಳಿಗೆ ದಾರ ತಾಗಿದ್ದು ತಿಳಿಯದವಳು ಖಣ ನೇಯುವುದು ಹೇಗೆ?

ವಿಚಾರಣೆ ಮುಗಿಯಿತು. ಯಂತ್ರದಲ್ಲಿ ದೋಷವಿಲ್ಲ, ಅಳೆದ ರಕ್ತವನ್ನು ಸರಿಯಾಗಿಯೇ ಅಳೆದಿದೆ. ರೋಗಿ ೪೧೧೭ ವಂಚನೆ ಮಾಡಿದ್ದರಿಂದ ಒಂದು ವರ್ಷ ಯೋಜನೆಯಿಂದ ಹೊರಗೆ. ಇನ್ನು ಮುಂದೆ ತೂತಿನ ಮೇಲೂ ಒಂದು ಕ್ಯಾಮೆರಾ. ಶಕುಂತಲಾ ಹೂಗಾರ ಮೌನ ನಿಯಮ ಮುರಿದದ್ದರಿಂದ ಅಮಾನತು. “ಸರ್, ‘ಮನ್ಯಾಗ ಏನರೆ ಕಾರ್ಯ ಐತೇನವಾ’ ಅಂತ ಬುಧವಾರನ ಒಂದು ಮಾತು ಕೇಳಿದ್ರ ಇಷ್ಟೆಲ್ಲ ಆಗತಿರಲಿಲ್ಲ” ಎಂದೆ. ಅಧ್ಯಕ್ಷರು ಒಳ್ಳೆಯ ಮನುಷ್ಯರು, ನಿಜವಾಗಿ ಯೋಚಿಸಿದರು. “ಅಂಥಾ ಪ್ರಶ್ನೆಗೆ ನಮೂನೆಯಲ್ಲಿ ಜಾಗ ಇಲ್ಲವಲ್ಲಮ್ಮ” ಎಂದರು.

ಈಗ ಪ್ರತಿ ಗುರುವಾರ ನಾನೇ ಹೋಗುತ್ತೇನೆ. ಗುಳಿಗೆ ಎಷ್ಟು ಎಂದು ಆ ವೈದ್ಯೆ ಫೋನಿನಲ್ಲಿ ಹೇಳುತ್ತಾಳೆ. ಮೊನ್ನೆ ಹೋದಾಗ ಈರವ್ವ ಎರಡು ಮಗ್ಗದಲ್ಲಿ ಒಂದರ ಮೇಲೆ ನೇಯುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು, ಆದರೆ ಈ ಕಡೆ ತಿರುಗಲಿಲ್ಲ. ದಾನವ್ವ ಬಲಗೈಯಿಂದ ಎಡಗೈಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

“ಇದಕ್ಕ ಚುಚ್ಚ್ರಿ ಬಾಯಾರ. ಇನ್ನೊಂದು ಕೆಲಸಕ್ಕ ಬೇಕು.”

ಹನಿ ತೆಗೆದೆ, ಯಂತ್ರಕ್ಕೆ ಹಾಕಿದೆ, ಸಂಖ್ಯೆ ಬರುವವರೆಗೆ ಕಾದೆ. ೨.೮. ಬರೆದುಕೊಂಡು ಹತ್ತಿ ಒತ್ತಿ ಹಿಡಿದೆ. ದಾನವ್ವ ಖಾಲಿ ಮಗ್ಗವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ಯಾಕ್ರಿ ಬಾಯಾರ, ಇನ್ನೂ ಚುಚ್ಚವಲ್ರಿ?”